ಕೈ ಮಸಿಯಾದರೆ ಬಾಯಿ ಮೊಸರೇ?

ಪ್ರೌಢಶಾಲೆಯ ಯಾವ ತರಗತಿಗೆ ಹೋದರೂ ಅಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಗಣಿತದ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಬೀಜಗಣಿತ. ಕೊನೆಯ ಪುಟಗಳಲ್ಲಿ ಮೇಷ್ಟರ ಮೂಗು, ಹೆಡ್‌ಮಾಸ್ಟರ ಹೊಟ್ಟೆ, ಗಂಟೆ ಹೊಡೆಯುವ ಜವಾನನ ಮೀಸೆ. ಪುಸ್ತಕ ಸಿಕ್ಕಿಬಿದ್ದ ದಿನ ಶಾಲೆಯಲ್ಲಿ ಒಂದು ಮಾತು, ಮನೆಯಲ್ಲಿ ಇನ್ನೊಂದು ಮಾತು. ಶಾಲೆಯಲ್ಲಿ ಕೇಳುವುದು, ‘ಓದೋದು ಬಿಟ್ಟು ಇದೇನೋ?’ ಮನೆಯಲ್ಲಿ ಕೇಳುವುದು, ‘ಗೀಚಿದರೆ ಹೊಟ್ಟೆ ತುಂಬುತ್ತೇನೋ?’

ಮೊದಲನೆಯದು ಬರೀ ಗದರಿಕೆ. ಎರಡನೆಯದು ನಿಜವಾದ ಪ್ರಶ್ನೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಗಾದೆ ಹೇಳುತ್ತದೆ. ಕೈ ಮಸಿಯಾದರೆ ಏನು ಗತಿ? ಮಗಳು ವ್ಯಂಗ್ಯಚಿತ್ರಕಾರ್ತಿಯಾಗುತ್ತೇನೆ ಎಂದರೆ ತಂದೆತಾಯಿ ಹೂಂ ಎನ್ನಬೇಕೇ, ಉಹೂಂ ಎನ್ನಬೇಕೇ? ಉತ್ತರ ಹೇಳುವ ಮೊದಲು ಈ ಕಸುಬಿನ ಒಳಹೊರಗನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಅರಳಿ ಎಲೆಯಿಂದ ಆರಂಭ

ಮೈಸೂರಿನ ಹೆಡ್‌ಮಾಸ್ಟರೊಬ್ಬರ ಮನೆಯಲ್ಲಿ 1921ರಲ್ಲಿ ಒಂದು ಗಂಡುಮಗು ಹುಟ್ಟಿತು. ಓದಲು ಬರುವ ಮೊದಲೇ ಆ ಹುಡುಗ ಮನೆಯ ನೆಲ, ಗೋಡೆ, ಬಾಗಿಲುಗಳನ್ನೆಲ್ಲ ಗೀಚಿ ತುಂಬಿಸಿಬಿಟ್ಟ. ಶಾಲೆಯಲ್ಲಿ ಒಮ್ಮೆ ಉಪಾಧ್ಯಾಯರು ಎಲ್ಲರಿಗೂ ಎಲೆಯ ಚಿತ್ರ ಬರೆಯಲು ಹೇಳಿದರು. ಈತ ಬರೆದ ಅರಳಿ ಎಲೆಯನ್ನು ನೋಡಿ ಮೆಚ್ಚಿದರು. ತಾನು ಚಿತ್ರಕಾರ ಎಂಬ ನಂಬಿಕೆ ತನಗೆ ಬಂದದ್ದು ಅಂದಿನಿಂದ ಎಂದು ಆತ ದೊಡ್ಡವನಾದ ಮೇಲೆ ಬರೆದುಕೊಂಡ. ಆತನೇ ಆರ್.ಕೆ. ಲಕ್ಷ್ಮಣ್.

‘ಹಿಂದೂ’ ಪತ್ರಿಕೆಯಲ್ಲಿ ಆಗಾಗ ಬರುತ್ತಿದ್ದ ಇಂಗ್ಲೆಂಡಿನ ಡೇವಿಡ್ ಲೋ ಅವರ ಚಿತ್ರಗಳೆಂದರೆ ಹುಡುಗ ಲಕ್ಷ್ಮಣನಿಗೆ ಪ್ರಾಣ. ಕೆಳಗಿನ ‘ಲೋ’ ಎಂಬ ಇಂಗ್ಲಿಷ್ ಸಹಿಯನ್ನು ಬಹಳ ಕಾಲ ‘ಕೌ’ ಎಂದೇ ಓದಿಕೊಂಡಿದ್ದರಂತೆ! ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣುವುದಿಲ್ಲ ಎಂಬ ಉತ್ತರ ಬಂತು. ಲಕ್ಷ್ಮಣ್ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿದರು. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು 1942ರಲ್ಲಿ ಆರಂಭಿಸಿದ ಕನ್ನಡದ ನಗೆ ಮಾಸಿಕ ‘ಕೊರವಂಜಿ’ಗೂ ಬರೆದರು. ಅಲ್ಲಿಂದ ಮುಂಬಯಿಗೆ ಹೋಗಿ ‘ಟೈಮ್ಸ್ ಆಫ್ ಇಂಡಿಯಾ’ ಸೇರಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಗೆರೆ ಎಳೆದರು. 1951ರಲ್ಲಿ ಅವರ ಪುಟ್ಟ ಚೌಕಟ್ಟಿನೊಳಗೆ ಬಂದು ನಿಂತ, ಚೌಕಳಿ ಕೋಟಿನ, ಬಾಯಿ ಬಿಡದ ‘ಶ್ರೀಸಾಮಾನ್ಯ’ನನ್ನು ದೇಶವೇ ಗುರುತಿಸಿತು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ. 2015ರ ಜನವರಿ 26ರಂದು ಅವರು ಪುಣೆಯಲ್ಲಿ ತೀರಿಕೊಂಡರು.

ಈ ಕಥೆಯನ್ನು ಕೇಳಿದ ವಿದ್ಯಾರ್ಥಿ, ‘ನೋಡಪ್ಪಾ, ಕಲಾಶಾಲೆ ಬೇಡವೆಂದರೂ ಅವರು ಗೆದ್ದರಲ್ಲ’ ಎನ್ನಬಹುದು. ಆದರೆ ಲಕ್ಷ್ಮಣ್ ಗೆದ್ದ ಕಾಲದಲ್ಲಿ ಪತ್ರಿಕೆಯೆಂದರೆ ಮುದ್ರಿತ ಪತ್ರಿಕೆ ಮಾತ್ರ. ಒಳ್ಳೆಯ ವ್ಯಂಗ್ಯಚಿತ್ರಕಾರನಿಗೆ ಅಲ್ಲಿ ಒಂದು ಕೋಣೆ, ಒಂದು ಮೇಜು, ತಿಂಗಳ ಸಂಬಳ, ಮೊದಲ ಪುಟದಲ್ಲಿ ಜಾಗ ಇರುತ್ತಿದ್ದವು. ಇಂದು ಅದೇ ಪ್ರತಿಭೆಯ ಯುವಕನಿಗೆ ಅವೆಲ್ಲ ಕಾದಿರುತ್ತವೆ ಎನ್ನುವಂತಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಗೆರೆಯ ಹಿಂದಿನ ವಿಜ್ಞಾನ

‘ಕಾರ್ಟೂನ್’ ಎಂಬ ಮಾತಿಗೆ ಮೊದಲು ನಗುವಿನ ಸಂಬಂಧವೇ ಇರಲಿಲ್ಲ. ಇಟಲಿ ಭಾಷೆಯ ‘ಕಾರ್ತೋನೆ’ ಎಂದರೆ ದಪ್ಪ ಕಾಗದ. ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಯುವ ಮೊದಲು ಕಲಾವಿದರು ಅಂಥ ಕಾಗದದ ಮೇಲೆ ಅದೇ ಅಳತೆಯ ನಕ್ಷೆ ತಯಾರಿಸುತ್ತಿದ್ದರು. 1843ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಗೋಡೆಗಳಿಗಾಗಿ ಇಂಥ ನಕ್ಷೆಗಳ ಪ್ರದರ್ಶನ ನಡೆಯಿತು. ಹೊರಗೆ ಬಡವರು ಹಸಿದಿರುವಾಗ ಒಳಗೆ ಈ ಅಲಂಕಾರವೇ ಎಂದು ‘ಪಂಚ್’ ಪತ್ರಿಕೆ ತನ್ನದೇ ಒಂದು ‘ಕಾರ್ಟೂನ್’ ಪ್ರಕಟಿಸಿತು. ಬರೆದವರು ಜಾನ್ ಲೀಚ್. ಅಂದಿನಿಂದ ಆ ಮಾತಿಗೆ ಇಂದಿನ ಅರ್ಥ ಅಂಟಿಕೊಂಡಿತು. ವ್ಯಂಗ್ಯಚಿತ್ರ ಹೆಸರು ಪಡೆದದ್ದೇ ಉಳ್ಳವರ ಎದುರು ಇಲ್ಲದವರನ್ನು ನಿಲ್ಲಿಸುವ ಮೂಲಕ ಎಂಬುದು ಗಮನಿಸಬೇಕಾದ ಸಂಗತಿ.

ಮೂಗನ್ನು ಎಳೆದು, ಕಿವಿಯನ್ನು ಹಿಗ್ಗಿಸಿ ಬರೆದ ಮುಖವನ್ನು ನಾವು ತಟ್ಟನೆ ಗುರುತಿಸುತ್ತೇವಲ್ಲ, ಅದು ಹೇಗೆ? ತಪ್ಪಾಗಿ ಬರೆದದ್ದು ಸರಿಯಾಗಿ ಬರೆದದ್ದಕ್ಕಿಂತ ಬೇಗ ತಿಳಿಯುವುದು ವಿಚಿತ್ರವಲ್ಲವೇ? 1987ರಲ್ಲಿ ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಪರಿಚಿತರ ಮುಖಗಳ ರೇಖಾಚಿತ್ರಗಳನ್ನು ಕಂಪ್ಯೂಟರ್ ಸಹಾಯದಿಂದ ಮೂರು ಬಗೆಯಲ್ಲಿ ತಯಾರಿಸಿದರು: ಇದ್ದಂತೆ ಒಂದು, ವಿಶೇಷ ಲಕ್ಷಣಗಳನ್ನು ಉಬ್ಬಿಸಿ ಒಂದು, ಆ ಲಕ್ಷಣಗಳನ್ನು ತಗ್ಗಿಸಿ ಇನ್ನೊಂದು. ಉಬ್ಬಿಸಿದ ಚಿತ್ರಗಳನ್ನೇ ಜನ ಎಲ್ಲಕ್ಕಿಂತ ಬೇಗ ಗುರುತಿಸಿದರು. ನಮ್ಮ ಮಿದುಳು ಸರಾಸರಿ ಮುಖಕ್ಕಿಂತ ಒಂದು ಮುಖ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಹೆಚ್ಚಾಗಿ ನೆನಪಿಟ್ಟುಕೊಳ್ಳುತ್ತದೆ ಎಂದು ಇದರಿಂದ ಊಹಿಸಬಹುದು. ವ್ಯಂಗ್ಯಚಿತ್ರಕಾರ ಹಿಡಿಯುವುದು ಆ ವ್ಯತ್ಯಾಸವನ್ನು. ಹಾಗಾಗಿ ಕೊನೆಯ ಪುಟದಲ್ಲಿ ಮೇಷ್ಟರ ಮೂಗು ಬರೆದ ಹುಡುಗ ಪಾಠ ಕೇಳದಿದ್ದರೂ ಮೇಷ್ಟರನ್ನು ಬಹಳ ಗಮನವಿಟ್ಟು ನೋಡಿದ್ದಾನೆ ಎಂದೇ ಅರ್ಥ.

ವ್ಯಂಗ್ಯಚಿತ್ರ ಕಪ್ಪು ಗೆರೆಯಲ್ಲೇ ಏಕೆ ಬೆಳೆಯಿತು ಎಂಬುದಕ್ಕೂ ವೈಜ್ಞಾನಿಕ ಕಾರಣವಿದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರಕ್ಕೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಮೊದಲು ಚಿತ್ರದ ನೆಗೆಟಿವ್ ತೆಗೆಯುವುದು. ಬೆಳಕು ತಾಗಿದರೆ ಗಟ್ಟಿಯಾಗುವ ಲೇಪವನ್ನು ಸತುವಿನ ತಗಡಿಗೆ ಹಚ್ಚಿ, ನೆಗೆಟಿವ್ ಮೂಲಕ ಬೆಳಕು ಬಿಡುವುದು. ಗೆರೆ ಇದ್ದ ಕಡೆ ಲೇಪ ಗಟ್ಟಿಯಾಗಿ ಉಳಿಯುತ್ತದೆ, ಉಳಿದದ್ದನ್ನು ತೊಳೆದುಬಿಡುತ್ತಾರೆ. ನಂತರ ತಗಡನ್ನು ನೈಟ್ರಿಕ್ ಆಮ್ಲದಲ್ಲಿಟ್ಟರೆ ಬರಿದಾದ ಸತು ಕರಗಿ ತಗ್ಗಾಗುತ್ತದೆ, ಗೆರೆಗಳು ಎದ್ದು ನಿಲ್ಲುತ್ತವೆ. ಈ ವಿಧಾನದಲ್ಲಿ ಕಪ್ಪು ಉಂಟು, ಬಿಳಿ ಉಂಟು, ಬೂದು ಬಣ್ಣವಿಲ್ಲ. ನೆರಳು ತೋರಿಸಬೇಕಾದರೆ ಚಿತ್ರಕಾರ ಸಣ್ಣ ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಎಳೆಯಬೇಕಿತ್ತು. ಇಂಗಾಲದ ಕಣಗಳಿರುವ ದಟ್ಟ ಕಪ್ಪಿನ ಇಂಡಿಯನ್ ಇಂಕ್, ಕುಂಚ ಮತ್ತು ನಿಬ್ಬು ಅವನ ಆಯುಧಗಳಾದದ್ದು ಹೀಗೆ.

ಇಂದು ಅನೇಕರ ಮೇಜಿನ ಮೇಲೆ ಶಾಯಿಯ ಬಾಟಲಿಗೆ ಬದಲು ಚಿತ್ರಫಲಕ, ಅಂದರೆ ಡ್ರಾಯಿಂಗ್ ಟ್ಯಾಬ್ಲೆಟ್ ಇದೆ. ಅದರ ಕೆಲವು ಪೆನ್ನುಗಳಿಗೆ ಬ್ಯಾಟರಿಯೂ ಬೇಕಿಲ್ಲ. ಫಲಕದಿಂದ ಹೊರಡುವ ವಿದ್ಯುತ್ಕಾಂತೀಯ ಪ್ರೇರಣೆಯೇ ಅದಕ್ಕೆ ಶಕ್ತಿ. ಕೈಯ ಒತ್ತಡವನ್ನು 8192 ಹಂತಗಳವರೆಗೆ ಅಳೆಯುವ ಪೆನ್ನುಗಳಿವೆ. ಎರಡನ್ನು ಹದಿಮೂರು ಸಲ ಗುಣಿಸಿದರೆ ಬರುವ ಸಂಖ್ಯೆ ಅದು ಎಂದು ಗಣಿತದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ತಪ್ಪಾದರೆ ಅಳಿಸುವುದು ಸುಲಭ, ಕಳಿಸುವುದು ಕ್ಷಣದ ಕೆಲಸ. ಆದರೆ ಏನು ಬರೆಯಬೇಕು ಎಂಬುದನ್ನು ಯಾವ ಪೆನ್ನೂ ಹೇಳಿಕೊಡುವುದಿಲ್ಲ.

ಬೆಳಗಿನಿಂದ ಸಂಜೆಯವರೆಗೆ

ದಿನಪತ್ರಿಕೆಯ ವ್ಯಂಗ್ಯಚಿತ್ರಕಾರನ ದಿನ ಓದಿನಿಂದ ಆರಂಭವಾಗುತ್ತದೆ, ಗೆರೆಯಿಂದ ಅಲ್ಲ. ನಾಲ್ಕಾರು ಪತ್ರಿಕೆಗಳನ್ನು ಓದಬೇಕು. ಬಜೆಟ್ ಬಂದ ದಿನ ಬಜೆಟ್ ಅರ್ಥವಾಗಬೇಕು. ಕಾವೇರಿ ತೀರ್ಪು ಬಂದ ದಿನ ಟಿಎಂಸಿ ಎಂದರೇನೆಂದು ಗೊತ್ತಿರಬೇಕು. ಚಂದ್ರಯಾನ ಹಾರಿದ ದಿನ ಕಕ್ಷೆ ಎಂದರೇನೆಂದು ಗೊತ್ತಿರಬೇಕು. ಆಮೇಲೆ ಯೋಚನೆ. ಮೊದಲು ಹೊಳೆದದ್ದು ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುವಂಥದ್ದೇ ಆಗಿರುತ್ತದೆ, ಅದನ್ನು ಬಿಡಬೇಕು. ಎರಡು ಮೂರು ಕಚ್ಚಾ ಚಿತ್ರ ಮಾಡಿ ಸಂಪಾದಕರಿಗೆ ತೋರಿಸಬೇಕು. ಒಪ್ಪಿದರೆ ಸರಿ. ಒಪ್ಪಿ, ತಿದ್ದಿ, ಮುಗಿಸುವ ಹೊತ್ತಿಗೆ ದೊಡ್ಡ ಸುದ್ದಿಯೊಂದು ಬಂದರೆ ಇಡೀ ದಿನದ ಶ್ರಮ ಕಸದ ಬುಟ್ಟಿಗೆ. ಮತ್ತೆ ಮೊದಲಿನಿಂದ ಶುರು. ಪತ್ರಿಕೆಯ ಪುಟ ಮುಚ್ಚುವ ಸಮಯ ಮಾತ್ರ ಬದಲಾಗುವುದಿಲ್ಲ.

ವರ್ಷಕ್ಕೆ 300 ಚಿತ್ರ ಎಂದರೂ 50 ವರ್ಷಕ್ಕೆ 15,000 ಚಿತ್ರಗಳಾದವು. ಜ್ವರ ಬಂದ ದಿನವೂ ನಗಿಸಬೇಕು, ಮನೆಯಲ್ಲಿ ದುಃಖವಿದ್ದ ದಿನವೂ ನಗಿಸಬೇಕು. ನೋಡುವವರಿಗೆ ಹತ್ತು ಸೆಕೆಂಡಿನ ಖುಷಿ. ಬರೆಯುವವರಿಗೆ ಹತ್ತು ಗಂಟೆಯ ಕೆಲಸ.

ಮೇಜುಗಳು ಖಾಲಿಯಾಗುತ್ತಿವೆ

ಈಗ ತಂದೆತಾಯಿಯ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಈ ಕಸುಬಿಗೆ ದೊರೆಯುತ್ತಿದ್ದ ದೊಡ್ಡ ಗೌರವವೆಂದರೆ ಪುಲಿಟ್ಜರ್ ಪ್ರಶಸ್ತಿ. 1922ರಿಂದ ಸಂಪಾದಕೀಯ ವ್ಯಂಗ್ಯಚಿತ್ರಕ್ಕೆಂದೇ ಅಲ್ಲಿ ಒಂದು ವಿಭಾಗವಿತ್ತು. 2021ರಲ್ಲಿ ಯಾರಿಗೂ ಪ್ರಶಸ್ತಿ ಕೊಡಲಿಲ್ಲ. 2022ರಲ್ಲಿ ಆ ವಿಭಾಗವನ್ನೇ ‘ಸಚಿತ್ರ ವರದಿ ಮತ್ತು ವ್ಯಾಖ್ಯಾನ’ ಎಂಬ ದೊಡ್ಡ ವಿಭಾಗದಲ್ಲಿ ಸೇರಿಸಿಬಿಟ್ಟರು. ‘ನ್ಯೂಯಾರ್ಕ್ ಟೈಮ್ಸ್’ ತನ್ನ ಅಂತಾರಾಷ್ಟ್ರೀಯ ಆವೃತ್ತಿಯಲ್ಲಿ ಒಂದು ಚಿತ್ರ ವಿವಾದಕ್ಕೀಡಾದ ಮೇಲೆ 2019ರ ಜುಲೈಯಿಂದ ನಿತ್ಯದ ರಾಜಕೀಯ ವ್ಯಂಗ್ಯಚಿತ್ರಗಳನ್ನೇ ನಿಲ್ಲಿಸಿತು. 2023ರ ಜುಲೈಯಲ್ಲಿ ಮೆಕ್ಲಾಚಿ ಎಂಬ ಪತ್ರಿಕಾ ಸಂಸ್ಥೆ ಪುಲಿಟ್ಜರ್ ಗೆದ್ದಿದ್ದ ಮೂವರು ವ್ಯಂಗ್ಯಚಿತ್ರಕಾರರನ್ನು ಒಂದೇ ದಿನ ಮನೆಗೆ ಕಳಿಸಿತು. 2025ರ ಜನವರಿಯಲ್ಲಿ ಆನ್ ಟೆಲ್ನೇಸ್ ಎಂಬ ಚಿತ್ರಕಾರ್ತಿ ‘ವಾಷಿಂಗ್ಟನ್ ಪೋಸ್ಟ್’ ಬಿಟ್ಟರು. ಪತ್ರಿಕೆಯ ಒಡೆಯರೂ ಇದ್ದ ಚಿತ್ರವೊಂದನ್ನು ಪ್ರಕಟಿಸಲು ಪತ್ರಿಕೆ ಒಪ್ಪಿರಲಿಲ್ಲ. ಅದೇ ವರ್ಷ ಅವರಿಗೆ ಪುಲಿಟ್ಜರ್ ಬಂತು!

ಇದಕ್ಕೆಲ್ಲ ಕಾರಣ ಒಂದೇ ಅಲ್ಲ. ಜಾಹೀರಾತು ಮುದ್ರಿತ ಪುಟದಿಂದ ಮೊಬೈಲ್ ಪರದೆಗೆ ಹೋಯಿತು. ಆದಾಯ ಕುಗ್ಗಿದಾಗ ಪತ್ರಿಕೆಗಳು ಮೊದಲು ಕತ್ತರಿ ಹಾಕುವುದು ಇಲ್ಲದಿದ್ದರೂ ನಡೆಯುತ್ತದೆ ಎನ್ನಿಸುವ ಕಡೆ. ವರದಿಗಾರನಿಲ್ಲದೆ ಪತ್ರಿಕೆ ಬರುವುದಿಲ್ಲ, ವ್ಯಂಗ್ಯಚಿತ್ರಕಾರನಿಲ್ಲದೆ ಬರುತ್ತದೆ. ಜೊತೆಗೆ, ವರದಿಗಿಂತ ಚಿತ್ರ ಬೇಗ ಕೋಪ ತರಿಸುತ್ತದೆ. ಖರ್ಚೂ ಉಳಿಯಿತು, ತಲೆನೋವೂ ತಪ್ಪಿತು ಎಂಬ ಲೆಕ್ಕಾಚಾರ ಸುಲಭ.

ನಮ್ಮಲ್ಲಿ ಈ ಕಲೆ ಬತ್ತಿಲ್ಲ. ಬಿ.ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’ ನೋಡಿ ಬೆಳೆದ ತಲೆಮಾರು ಇನ್ನೂ ಇದೆ. ಪುರುಷರೇ ತುಂಬಿದ್ದ ಈ ರಂಗದಲ್ಲಿ ಬೆಂಗಳೂರಿನ ಮಾಯಾ ಕಾಮತ್ (1951–2001) ರಾಜಕೀಯ ವ್ಯಂಗ್ಯಚಿತ್ರ ಬರೆದು ಹೆಸರಾದರು. ಪಿ. ಮಹಮ್ಮದ್ ಅವರ ಚಿತ್ರಗಳನ್ನು ಕನ್ನಡದ ಓದುಗರು ಮರೆತಿಲ್ಲ. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2001ರಿಂದ ಬೆಂಗಳೂರಿನಲ್ಲಿದೆ. ಟ್ರಿನಿಟಿ ವೃತ್ತದ ಬಳಿಯ ಅದರ ಗ್ಯಾಲರಿಯಲ್ಲಿ ವ್ಯಂಗ್ಯಚಿತ್ರಗಳ ಪ್ರದರ್ಶನಗಳು ನಡೆಯುತ್ತವೆ. ಮುಂಬಯಿಯ ಪತ್ರಿಕೆಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದ ಸತೀಶ್ ಆಚಾರ್ಯ ಕುಂದಾಪುರದಲ್ಲಿ ಕುಳಿತೇ ಬರೆಯುತ್ತಾರೆ, ಅವರ ಚಿತ್ರ ಹೊರದೇಶಗಳಲ್ಲೂ ಕಾಣಿಸುತ್ತದೆ. ಅವರು ನಡೆಸುವ ‘ಕಾರ್ಟೂನು ಹಬ್ಬ’ಕ್ಕೆ ಮಕ್ಕಳು ಬರುತ್ತಾರೆ. ಕುಂದಾಪುರದಿಂದ ಜಗತ್ತಿಗೆ ಚಿತ್ರ ಕಳಿಸುವುದು ಲಕ್ಷ್ಮಣ್ ಕಾಲದಲ್ಲಿ ಸಾಧ್ಯವಿರಲಿಲ್ಲ ಎಂಬುದನ್ನೂ ಹೇಳಬೇಕು. ಆಗ ಸಂಬಳ ಇತ್ತು, ಬಾಗಿಲು ಒಂದೇ ಇತ್ತು. ಈಗ ಬಾಗಿಲುಗಳು ನೂರಾರು, ಸಂಬಳದ ಭರವಸೆ ಇಲ್ಲ.

ಕದ್ದು ಹಂಚುವ ಕಾಟ ಬೇರೆ. ಬೆಳಿಗ್ಗೆ ಬಂದ ಚಿತ್ರ ಮಧ್ಯಾಹ್ನದೊಳಗೆ ಸಾವಿರಾರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಅದರ ಮೂಲೆಯ ಸಹಿಯನ್ನು ಯಾರೋ ಕತ್ತರಿಸಿರುತ್ತಾರೆ. ಮಾತನ್ನು ಬದಲಿಸಿ, ಬರೆದವನು ಹೇಳದ್ದನ್ನು ಅವನ ಗೆರೆಯಿಂದಲೇ ಹೇಳಿಸುವವರೂ ಇದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾಕೃತಿಯ ಹಕ್ಕು ಕಲಾವಿದ ಬದುಕಿರುವವರೆಗೆ ಮತ್ತು ಅನಂತರ 60 ವರ್ಷ ಇರುತ್ತದೆ. ಹಕ್ಕನ್ನು ಮಾರಿದ್ದರೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಹೆಸರಿಗೆ ಕುಂದು ತರುವಂತೆ ಅದನ್ನು ತಿರುಚಿದರೆ ಪ್ರಶ್ನಿಸುವ ಹಕ್ಕು ಕಲಾವಿದನಿಗೇ ಉಳಿಯುತ್ತದೆ. ಕಾನೂನಿನ ಬಲವೇನೋ ಇದೆ. ಕೋರ್ಟಿಗೆ ಹೋಗುವಷ್ಟು ಹಣ, ಸಮಯ ಯಾರಿಗಿದೆ?

ಗೆರೆಗೆ ತೆತ್ತ ಬೆಲೆ

ಹತ್ತು ಸೆಕೆಂಡಿನ ನಗುವಿಗೆ ಕೆಲವರು ಬಹಳ ದೊಡ್ಡ ಬೆಲೆ ತೆತ್ತಿದ್ದಾರೆ. 2011ರ ಆಗಸ್ಟಿನಲ್ಲಿ ಸಿರಿಯಾದ ಅಲಿ ಫರ್ಜಾತ್ ಅವರನ್ನು ಮುಸುಕುಧಾರಿಗಳು ಹಿಡಿದು ಬಡಿದರು. ಅವರ ಕೈಗಳನ್ನು ಮುರಿದರು. ಎಲ್ಲ ಬಿಟ್ಟು ಕೈಗಳೇ ಏಕೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2015ರ ಜನವರಿ 7ರಂದು ಪ್ಯಾರಿಸ್ಸಿನ ‘ಶಾರ್ಲಿ ಎಬ್ದೊ’ ವಾರಪತ್ರಿಕೆಯ ಮೇಲೆ ನಡೆದ ದಾಳಿಯಲ್ಲಿ 12 ಜನ ಸತ್ತರು, ಐವರು ವ್ಯಂಗ್ಯಚಿತ್ರಕಾರರು.

ನಮ್ಮ ದೇಶದಲ್ಲಿ ಈ ಕಸುಬಿನ ಹಿರಿಯ ಶಂಕರ್ ಪಿಳ್ಳೆಯವರು 1948ರಲ್ಲಿ ‘ಶಂಕರ್ಸ್ ವೀಕ್ಲಿ’ ಆರಂಭಿಸಿದಾಗ ಅದನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ತಮ್ಮನ್ನೂ ಬಿಡಬೇಡಿ ಎಂದು ಅವರು ಶಂಕರ್‌ಗೆ ಹೇಳಿದ್ದು ಪ್ರಸಿದ್ಧ. ಆ ಪತ್ರಿಕೆ 1975ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕುತ್ತಿರುವ ಅಬು ಅಬ್ರಹಾಂ ಅವರ ಚಿತ್ರ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬಂತು. ಆ ದಿನಗಳನ್ನು ಕುರಿತು ಎಷ್ಟೋ ಪುಸ್ತಕಗಳು ಬಂದಿವೆ. ಜನರ ನೆನಪಿನಲ್ಲಿ ಆ ಒಂದು ಚಿತ್ರ ಉಳಿದಿದೆ.

2012ರಲ್ಲಿ ಅಸೀಂ ತ್ರಿವೇದಿ ಎಂಬ ಯುವ ವ್ಯಂಗ್ಯಚಿತ್ರಕಾರನನ್ನು ಮುಂಬಯಿಯಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಬಂಧಿಸಲಾಯಿತು. ಆನಂತರ ಆ ಆಪಾದನೆಯನ್ನು ಕೈಬಿಟ್ಟರು. ಅದೇ ವರ್ಷ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನು ಬಂಧಿಸಿದ ಪ್ರಕರಣ ಇನ್ನೂ ವಿಚಿತ್ರ. ಅವರು ವ್ಯಂಗ್ಯಚಿತ್ರ ಬರೆದವರಲ್ಲ. ಮುಖ್ಯಮಂತ್ರಿಯನ್ನು ಕುರಿತ ಒಂದು ವ್ಯಂಗ್ಯಚಿತ್ರವನ್ನು ಇ-ಮೇಲ್‌ನಲ್ಲಿ ಕಳಿಸಿದವರು. ಅವರ ಮೇಲೆ ಹೊರಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಸಂವಿಧಾನಬಾಹಿರವೆಂದು ರದ್ದುಮಾಡಿತು. ಆದರೂ ಅವರು ಪ್ರಕರಣದಿಂದ ಪಾರಾದದ್ದು 2023ರ ಜನವರಿಯಲ್ಲಿ. ಒಂದು ಚಿತ್ರ ಕಳಿಸಿದ್ದಕ್ಕೆ ಹನ್ನೊಂದು ವರ್ಷಗಳ ಅಲೆದಾಟ!

ಹಾಗೆಂದು ವ್ಯಂಗ್ಯಚಿತ್ರಕಾರ ಯಾವಾಗಲೂ ಸರಿ, ಸಿಟ್ಟಾದವರು ಯಾವಾಗಲೂ ತಪ್ಪು ಎಂದು ತಿಳಿಯಬೇಕಾಗಿಲ್ಲ. ಸಂವಿಧಾನ ರಚನೆ ನಿಧಾನವಾಗುತ್ತಿದೆ ಎಂದು ತೋರಿಸಲು ಶಂಕರ್ 1949ರಲ್ಲಿ ಒಂದು ಚಿತ್ರ ಬರೆದರು. ಬಸವನಹುಳುವಿನ ಮೇಲೆ ಅಂಬೇಡ್ಕರ್ ಕುಳಿತಿದ್ದಾರೆ. ಹಿಂದೆ ನೆಹರೂ ಚಾವಟಿ ಹಿಡಿದಿದ್ದಾರೆ. ಅದು ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಪುಸ್ತಕದಲ್ಲಿತ್ತು. 2012ರಲ್ಲಿ ಸಂಸತ್ತಿನಲ್ಲಿ ಅದರ ಬಗ್ಗೆ ದೊಡ್ಡ ಗದ್ದಲವಾಗಿ ಚಿತ್ರವನ್ನು ತೆಗೆಯಬೇಕಾಯಿತು. 1949ರ ಓದುಗನಿಗೆ ಅಲ್ಲಿ ಕಂಡದ್ದು ಬಸವನಹುಳು. 2012ರಲ್ಲಿ ಅನೇಕರಿಗೆ ಕಂಡದ್ದು ಚಾವಟಿ. ತಲೆತಲಾಂತರದಿಂದ ಏಟು ತಿಂದವರಿಗೆ ಚಾವಟಿ ಮೊದಲು ಕಾಣುವುದು ಸಹಜವೇ. ಗೆರೆ ಉಳಿಯುತ್ತದೆ, ಅದನ್ನು ಬರೆದ ದಿನದ ಸಂದರ್ಭ ಉಳಿಯುವುದಿಲ್ಲ. ಆದ್ದರಿಂದ ಈ ಕಸುಬಿಗೆ ಇಳಿಯುವವರಿಗೆ ಧೈರ್ಯ ಎಷ್ಟು ಬೇಕೋ ಎಚ್ಚರವೂ ಅಷ್ಟೇ ಬೇಕು. ಹಾಸ್ಯ ಯಾರ ಮೇಲೆ ಬೀಳುತ್ತಿದೆ, ಬಲವಿದ್ದವನ ಮೇಲೋ ಬಲವಿಲ್ಲದವನ ಮೇಲೋ ಎಂದು ಕೇಳಿಕೊಂಡೇ ಗೆರೆ ಎಳೆಯಬೇಕು.

ಯಂತ್ರ ಬರೆದರೆ?

2022ರಿಂದ ಹೊಸ ಪೈಪೋಟಿಯೊಂದು ಬಂದಿದೆ. ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಕಂಪ್ಯೂಟರೇ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಜನರ ಕೈಗೆ ಸಿಕ್ಕಿವೆ. ಇವು ಕಲಿಯುವುದು ಅಂತರಜಾಲದಿಂದ ಒಟ್ಟುಗೂಡಿಸಿದ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ನೋಡಿ. ಅಂಥ ಒಂದು ಸಂಗ್ರಹದಲ್ಲಿ 500 ಕೋಟಿಗೂ ಹೆಚ್ಚು ಚಿತ್ರಗಳ ವಿವರವಿದೆ. ಅವುಗಳಲ್ಲಿ ಬದುಕಿರುವ ಕಲಾವಿದರ ಕೃತಿಗಳೂ ಸೇರಿವೆ. ಅವರನ್ನು ಯಾರೂ ಕೇಳಿರಲಿಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಸಾರಾ ಆಂಡರ್ಸನ್ ಮತ್ತು ಇನ್ನಿಬ್ಬರು ಕಲಾವಿದರು 2023ರ ಜನವರಿಯಲ್ಲಿ ಇಂಥ ಕಂಪನಿಗಳ ವಿರುದ್ಧ ಕೋರ್ಟಿಗೆ ಹೋದರು.

ಕಥೆಗೊಂದು ಚಿತ್ರ, ಜಾಹೀರಾತಿಗೊಂದು ಗೊಂಬೆ, ಪಠ್ಯಪುಸ್ತಕಕ್ಕೊಂದು ಆನೆ ಎಂದು ಬರೆದು ಸಂಸಾರ ನಡೆಸುವ ಚಿತ್ರಕಾರರಿಗೆ ಇದು ನೇರ ಹೊಡೆತ. ಲಕ್ಷ್ಮಣ್ ಅವರೇ ಪತ್ರಿಕೆಯ ಕೆಲಸದ ಜೊತೆಗೆ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ‘ಗಟ್ಟು’ ಎಂಬ ತುಂಟ ಹುಡುಗನನ್ನು ಬರೆದುಕೊಟ್ಟರು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಚಿತ್ರ ಬರೆದರು. ಇಂದು ಅಂಥ ಕೆಲಸವನ್ನು ಯಂತ್ರದಿಂದ ಮಾಡಿಸಿಬಿಡೋಣ ಎನ್ನುವ ಮಾಲೀಕರು ಇದ್ದಾರೆ.

ಆದರೆ ಪತ್ರಿಕೆಯ ವ್ಯಂಗ್ಯಚಿತ್ರದ ವಿಷಯ ಸ್ವಲ್ಪ ಬೇರೆ. ಯಂತ್ರಕ್ಕೆ ಗೆರೆ ಬರುತ್ತದೆ, ನಗೆಹನಿ ಹೇಳಲೂ ಬರಬಹುದು. ಈ ಊರಿನ ನಲ್ಲಿಯಲ್ಲಿ ಎಂಟು ದಿನದಿಂದ ನೀರಿಲ್ಲ, ಮಂತ್ರಿಗಳ ಸ್ವಾಗತಕ್ಕೆ ರಸ್ತೆ ತೊಳೆದರು ಎಂಬ ಸಂಗತಿಯಿಂದ ಅದಕ್ಕೆ ಸಿಟ್ಟು ಬರುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ ಸಹಿ. ಚಿತ್ರದ ಮೂಲೆಯಲ್ಲಿರುವ ಸಹಿಗೆ, ‘ಇದನ್ನು ಹೇಳಿದವನು ನಾನು, ಪ್ರಶ್ನೆ ಇದ್ದರೆ ನನ್ನನ್ನು ಕೇಳಿ’ ಎಂದು ಅರ್ಥ. ಪ್ರಶ್ನಿಸಲು ಯಂತ್ರದ ಹಿಂದೆ ಅಂಥ ಒಬ್ಬ ಮನುಷ್ಯನಿಲ್ಲ.

ಹಾಗಾದರೆ ಮಕ್ಕಳಿಗೆ ಏನು ಹೇಳುವುದು?

ಮೊದಲನೆಯದಾಗಿ, ಇದನ್ನೇ ನಂಬಿ ಬದುಕುವುದು ಇಂದು ಕಷ್ಟ ಎಂಬ ಸತ್ಯವನ್ನು ಮುಚ್ಚಿಡಬಾರದು. ಹತ್ತನೆಯ ತರಗತಿಯ ಹುಡುಗ ಹುಡುಗಿಯರಿಗೆ ಸತ್ಯ ಅರ್ಥವಾಗುತ್ತದೆ. ಪೂರ್ಣಾವಧಿ ಹುದ್ದೆಗಳು ಬೆರಳೆಣಿಕೆಯಷ್ಟು. ಪದವಿಯೊಂದಿರಲಿ, ಇನ್ನೊಂದು ಆದಾಯದ ದಾರಿಯೂ ಇರಲಿ. ಚಿತ್ರ ಕಲಿಯಲೇಬೇಕೆಂದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಅಲ್ಲಿ ಕಲಿತವರಿಗೆ ಆ್ಯನಿಮೇಷನ್, ಪುಸ್ತಕ ವಿನ್ಯಾಸ, ಬೋಧನೆ ಮುಂತಾದ ಕೆಲಸಗಳಿವೆ. ಬೇರೆ ವಿಷಯ ಓದುವವರೂ ಹಿಂಜರಿಯಬೇಕಿಲ್ಲ. ಬಿ.ಎ. ಓದಿದ ಲಕ್ಷ್ಮಣ್ ಅವರ ಉದಾಹರಣೆ ಮುಂದಿದೆ. ವಿಜ್ಞಾನವನ್ನೋ ಅರ್ಥಶಾಸ್ತ್ರವನ್ನೋ ಚೆನ್ನಾಗಿ ತಿಳಿದವನಿಗೆ ಬರೆಯಲು ವಿಷಯಗಳು ಹೆಚ್ಚು ಸಿಗುತ್ತವೆ. ಹವಾಮಾನ ಬದಲಾವಣೆ, ಲಸಿಕೆ, ಕೆರೆಯ ನೊರೆ ಇವನ್ನೆಲ್ಲ ಗೆರೆಯಲ್ಲಿ ಹೇಳಬಲ್ಲವರು ನಮ್ಮಲ್ಲಿ ಬಹಳ ಕಡಿಮೆ.

ಎರಡನೆಯದಾಗಿ, ಅಭ್ಯಾಸ. ದಿನಕ್ಕೊಂದು ಪುಟ ಬರೆಯಬೇಕು. ಬಸ್ ನಿಲ್ದಾಣ, ಸಂತೆ, ಮದುವೆಯ ಪಂಕ್ತಿ ಎಲ್ಲವೂ ಪಾಠಶಾಲೆಗಳೇ. ಲಕ್ಷ್ಮಣ್ ಜೀವನಪೂರ್ತಿ ಕಾಗೆಗಳನ್ನು ಬರೆದರು. ಎಲ್ಲರೂ ಕಾಣುವ, ಯಾರೂ ನೋಡದ ಹಕ್ಕಿ ಅದು. ದಿನಕ್ಕೆ ಎರಡು ಪತ್ರಿಕೆ ಓದಬೇಕು. ಓದಿದ ಸುದ್ದಿಯನ್ನು ಒಂದೇ ವಾಕ್ಯದಲ್ಲಿ ಬರೆಯಲು ಬಂದರೆ ಚಿತ್ರ ಅರ್ಧ ಮುಗಿದಂತೆ.

ಮೂರನೆಯದು ಚಿತ್ರ ಬರೆಯಲು ಬಾರದ ನಮ್ಮೆಲ್ಲರಿಗೆ ಸೇರಿದ್ದು. ಮೊಬೈಲ್‌ಗೆ ಒಂದು ಒಳ್ಳೆಯ ವ್ಯಂಗ್ಯಚಿತ್ರ ಬಂದಾಗ ಅದರ ಮೂಲೆ ನೋಡಬೇಕು. ಸಹಿ ಇದೆಯೇ? ಇದ್ದರೆ ಅದನ್ನು ಕತ್ತರಿಸದೆ ಕಳಿಸಬೇಕು. ಇಲ್ಲದಿದ್ದರೆ ಕಳಿಸುವ ಮೊದಲು ಎರಡು ಸಲ ಯೋಚಿಸಬೇಕು. ಈ ಒಂದು ಅಭ್ಯಾಸವನ್ನು ಮಕ್ಕಳು ಮನೆಯಲ್ಲಿ ದೊಡ್ಡವರಿಗೆ ಕಲಿಸಿದರೂ ತಪ್ಪಿಲ್ಲ.

ಇನ್ನು ನೋಟ್‌ಬುಕ್ಕಿನ ಕೊನೆಯ ಪುಟ. ಮೇಷ್ಟರ ಮೂಗು ಅಲ್ಲಿ ಮತ್ತೆ ಸಿಕ್ಕರೆ ಹರಿಯುವುದು ಬೇಡ. ‘ಮೂಗು ಸರಿಯಾಗಿದೆ. ಈ ಚಿತ್ರದಿಂದ ಏನು ಹೇಳಲು ಹೊರಟಿದ್ದೀಯಪ್ಪಾ?’ ಎಂದು ಕೇಳಿದರೆ ಸಾಕು. ಉತ್ತರ ಇಲ್ಲದಿದ್ದರೆ ಅದು ಗೀಚಾಟ. ಹುಡುಗ ಮತ್ತೆ ಬೀಜಗಣಿತಕ್ಕೆ ಹೋಗಲಿ. ಉತ್ತರ ಇದ್ದರೆ ಅವನಿಗೆ ಒಂದು ಬೇರೆ ಪುಸ್ತಕ ಕೊಡಿಸಬೇಕು, ಗೆರೆ ಇಲ್ಲದ ಬಿಳಿ ಹಾಳೆಯದ್ದು. ಅವನು ಮುಂದೆ ವ್ಯಂಗ್ಯಚಿತ್ರಕಾರನಾಗುತ್ತಾನೋ ಇಲ್ಲವೋ ಯಾರು ಬಲ್ಲರು? ಮೈಸೂರಿನ ಆ ಉಪಾಧ್ಯಾಯರಿಗೂ ಅರಳಿ ಎಲೆಯನ್ನು ಮೆಚ್ಚಿದ ದಿನ ಅದೇನೂ ಗೊತ್ತಿರಲಿಲ್ಲ.